ಡಾಕ್ಟ್ರಮ್ಮನ ಇಗ್ವಾನಗಳಿಗೆ ನಮ್ಮ ತೋಟದ ಸೊಪ್ಪು

ಮದುವೆಯಾಗಿ ಮಧುವನಹಳ್ಳಿಗೆ ಬಂದಾಗಿನಿಂದ ನಾನು ರೇಷ್ಮೆ ಹುಳು ಸಾಕುತ್ತಿದ್ದೇನೆ. ನಮ್ಮ ಹಿಪ್ಪುನೇರಳೆ ತೋಟದ ಸೊಪ್ಪು ಹುಳುಗಳಿಗಲ್ಲದೆ ಬೇರೆ ಯಾರಿಗಾದರೂ ಬೇಕಾದೀತು ಎಂದು ನಾನು ಯೋಚಿಸಿಯೇ ಇರಲಿಲ್ಲ. ಆಗಾಗ ಬೇಲಿ ಹಾರಿ ಬರುವ ಮೇಕೆಗಳ ಮಾತು ಬೇರೆ.

ಒಂದು ಬೆಳಿಗ್ಗೆ ಡಾಕ್ಟ್ರಮ್ಮ ಸ್ಕೂಟರಿನಲ್ಲಿ ಬಂದು ಅಂಗಳದಲ್ಲಿ ಇಳಿದರು. ಅವರು ಯಳಂದೂರು ಕಡೆಯವರು. ಕೊಳ್ಳೇಗಾಲ, ಹನೂರಿನ ಪಶು ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹಿಂದೊಮ್ಮೆ ನಮ್ಮ ಹಸುವಿನ ಹೊಟ್ಟೆಯಲ್ಲಿ ಅಡ್ಡ ನಿಂತಿದ್ದ ಕರುವನ್ನು ಭುಜದವರೆಗೆ ಕೈ ಹಾಕಿ ತಿರುಗಿಸಿ ತೆಗೆದಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ಅವರಿಗೆ ಇಲ್ಲ ಎನ್ನುವ ಮಾತಿರಲಿಲ್ಲ.

“ದಿನಾ ಒಂದು ಹೊರೆ ಸೊಪ್ಪು ಕೊಡ್ತೀಯೇನವ್ವ?” ಎಂದರು.

“ನೀವೂ ಉಳ ಮಾಡ್ತಿದ್ದೀರಾ?”

“ಇಲ್ಲ ಕಣವ್ವ. ಇಗ್ವಾನ ಅಂತ. ಉಡದಂಗೇ ಇರ್ತದೆ, ಆದ್ರೆ ಸೊಪ್ಪು ತಿಂತದೆ. ಮಾರ್ಕೆಟ್ ಸೊಪ್ಪಿಗೆ ಏನ್ ಔಷ್ದಿ ಹೊಡ್ದಿರ್ತಾರೋ ಏನೋ. ಹುಳ ಸಾಕೋರು ಹೊಡೆಯಲ್ಲ, ಅದ್ಕೇ ನಿನ್ ತಾವ ಬಂದೆ.”

ಮರುದಿನದಿಂದ ನಾನು ಹುಳುವಿಗೆ ಕೊಯ್ಯುವಾಗಲೇ ಅವರದೊಂದು ಹೊರೆ ಕಟ್ಟಿ, ಒದ್ದೆ ಗೋಣಿ ಸುತ್ತಿ, ಹನೂರು ಬಸ್ಸಿಗೆ ಹಾಕುತ್ತಿದ್ದೆ. ಅಲ್ಲಿಂದ ಅದು ಹೂಗ್ಯಂ ದಾರಿಯಲ್ಲಿರುವ ಅವರ ಜಮೀನಿಗೆ ಆಟೋದಲ್ಲಿ ಹೋಗುತ್ತಿತ್ತು.

ತಿಂಗಳಾದ ಮೇಲೆ ನನ್ನ ಸೊಪ್ಪು ತಿನ್ನುವವರನ್ನು ನೋಡಬೇಕೆನಿಸಿ ನಾನೇ ಹೋದೆ. ಕಾಡಿನ ಅಂಚಿನ ಎರಡು ಎಕರೆಯಲ್ಲಿ ತಂತಿ ಬಲೆಯ ದೊಡ್ಡ ದೊಡ್ಡ ಮನೆಗಳು. ಒಂದರಲ್ಲಿ ಎದೆಯ ಗರಿಯನ್ನೆಲ್ಲ ತಾನೇ ಕಿತ್ತುಕೊಂಡಿದ್ದ ನೀಲಿ ಗಿಳಿ. ಸಿಟಿಯ ಫ್ಲ್ಯಾಟಿನಲ್ಲಿ ಬೆಳೆದದ್ದಂತೆ, ಕಾಲಿಂಗ್ ಬೆಲ್ಲಿನ ಹಾಗೆಯೇ ಕೂಗುತ್ತಿತ್ತು. ಇನ್ನೊಂದರಲ್ಲಿ ಒನಕೆಯಷ್ಟು ಉದ್ದದ, ಗದ್ದದ ಕೆಳಗೆ ಚರ್ಮ ಜೋತ ಹಸಿರು ಇಗ್ವಾನಗಳು. ಅದರಲ್ಲೊಂದರ ಕಾಲುಗಳು ಬಿಲ್ಲಿನಂತೆ ಬಾಗಿದ್ದವು.

“ಬಿಸಿಲೇ ಕಾಣಿಸ್ದೆ ಗಾಜಿನ ಪೆಟ್ಟಿಗೇಲಿ ಇಟ್ಟಿದ್ರು. ಮೂಳೆ ಮೆತ್ತಗಾಗೋಯ್ತು,” ಎಂದರು ಡಾಕ್ಟ್ರಮ್ಮ. ಎಷ್ಟು ಮುದ್ದಾಗಿದೆ ಎಂದು ಮರಿಯಿದ್ದಾಗ ಕೊಂಡು, ಬೆಳೆದ ಮೇಲೆ ಬೇಡವಾಗಿ ಬಿಟ್ಟವರ ಪ್ರಾಣಿಗಳು ಇವೆಲ್ಲ. ಕೆಲವನ್ನು ಅರಣ್ಯ ಇಲಾಖೆಯವರು ಹಿಡಿದು ತಂದುಕೊಟ್ಟಿದ್ದರು.

“ಕಾಡು ಪಕ್ಕದಲ್ಲೇ ಅದೆಯಲ್ಲ, ಬುಟ್ಬುಡಿ ಅತ್ಲಾಗಿ,” ಎಂದೆ ನಾನು.

“ಇದು ಅವುಗಳ ಕಾಡಲ್ಲ ಕಣವ್ವ. ಬಿಟ್ರೆ ಅವೇ ಸಾಯ್ತವೆ. ಇಲ್ಲಾ, ಇಲ್ಲಿರೋವುಕ್ಕೆ ಕುತ್ತು ತರ್ತವೆ. ಸಾಯೋಗಂಟ ಹಿಂಗೇ ನೋಡ್ಕಬೇಕು.”

ಅದನ್ನು ಅವರು ಬೇಸರದಿಂದ ಹೇಳಲಿಲ್ಲ. ಹೇಳುತ್ತಲೇ ಆ ಬಾಗಿದ ಕಾಲಿನದನ್ನು ಎತ್ತಿ ಬಿಸಿಲು ಬಿದ್ದಿದ್ದ ಹಲಗೆಯ ಮೇಲೆ ಕೂರಿಸಿದರು. ಹಾಲು ಕೊಡುವುದಿಲ್ಲ, ಉಳುವುದಿಲ್ಲ, ಕರೆದರೆ ತಿರುಗಿಯೂ ನೋಡುವುದಿಲ್ಲ. ಅಂಥದ್ದಕ್ಕೆ ಇಷ್ಟೊಂದು ಮಾಡುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆಮೇಲೆ ಆ ಕೆಟ್ಟ ದಿನ ಬಂತು. ಹುಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದು ಗಬಗಬನೆ ಮೇಯುವ ಹೊತ್ತು. ಸೊಪ್ಪು ಕೊಯ್ದು, ಡಾಕ್ಟ್ರಮ್ಮನ ಹೊರೆಯನ್ನು ಬಸ್ಸಿಗೆ ಹಾಕಿ ಬಂದು ಹುಳುವಿಗೆ ಹಾಕಿದೆ. ಅಡುಗೆ ಮುಗಿಸಿ ಹುಳುಮನೆಗೆ ಹೋಗಿ ನೋಡಿದರೆ, ಹುಳುಗಳು ತಲೆಯೆತ್ತಿ ಅತ್ತಿತ್ತ ಆಡಿಸುತ್ತ ಬಾಯಲ್ಲಿ ಹಸಿರು ನೀರು ಕಾರುತ್ತಿದ್ದವು. ಹೊರಗೆ ಓಡಿ ಪಕ್ಕದ ಹೊಲದವನನ್ನು ಕೇಳಿದೆ.

“ನೆನ್ನೆ ಸಂಜೇಲಿ ಮೆಣಸಿನ್ ಗಿಡಕ್ಕೆ ಔಸ್ತಿ ಒಡ್ದೆ ಕಣಕ್ಕ. ಗಾಳಿ ನಿಮ್ ಕಡೀಕೆ ಬೀಸ್ತಿತ್ತೇನೋ, ನಾನ್ ನೋಡ್ನಿಲ್ಲ,” ಎಂದ.

ಡಾಕ್ಟ್ರಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಸಿಗ್ನಲ್ ಸಿಗುವುದೇ ಅಪರೂಪ. ನಾಲ್ಕು ಸಲ ಮಾಡಿ, ಹುಳುವನ್ನು ಗಂಡನ ಪಾಲಿಗೆ ಬಿಟ್ಟು, ಉಟ್ಟ ಸೀರೆಯಲ್ಲೇ ಹನೂರು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನಗೆ ಆ ಹಸಿರು ನೀರೇ ಕಣ್ಣಿಗೆ ಕಟ್ಟುತ್ತಿತ್ತು.

ಆಟೋ ಇಳಿದು ಗೇಟಿನಿಂದಲೇ ಕೂಗಿದೆ: “ಸೊಪ್ಪ ಆಕ್ಬೇಡಿ ಡಾಕ್ಟ್ರಮ್ಮ, ವಿಸ ಬಿದ್ದದೆ!”

ಮೈಗೆ ಬಿಸಿಲು ಹತ್ತದೆ ಇಗ್ವಾನಗಳಿಗೆ ಅರಗುವುದಿಲ್ಲವೆಂದು ಅವರು ಮೇವನ್ನು ತಡವಾಗಿ ಹಾಕುತ್ತಿದ್ದರು. ಅದರಿಂದ ಹೊರೆಯ ಬಹುಪಾಲು ಇನ್ನೂ ಹಾಗೇ ಇತ್ತು. ಆದರೆ ಮೊದಲೇ ಬಿಸಿಲಿನ ಹಲಗೆಗೆ ಬಂದಿದ್ದ ಎರಡಕ್ಕೆ ಆಗಲೇ ಹಾಕಿಬಿಟ್ಟಿದ್ದರು.

ಅವರು ಯಾವ ಔಷಧಿ ಎಂದಷ್ಟೇ ಕೇಳಿದರು. ಡಬ್ಬಿಯ ಹೆಸರನ್ನು ನಾನು ಕೇಳಿಕೊಂಡೇ ಬಂದಿದ್ದೆ. ಎರಡರ ಬಾಯನ್ನೂ ತೊಳೆದು, ತೂಕ ನೋಡಿ, ಲೆಕ್ಕ ಹಾಕಿ ಇಂಜೆಕ್ಷನ್ ಕೊಟ್ಟರು. ನಾನು ಹಿಡಿದುಕೊಂಡೆ. ಒರಟು ಎಂದುಕೊಂಡಿದ್ದ ಆ ಚರ್ಮ ಕೈಗೆ ಮಣಿ ಪೋಣಿಸಿದ ಹಾಗೆ ನುಣುಪಾಗಿತ್ತು, ಒಳಗೆ ಎದೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಮಧ್ಯಾಹ್ನ ಊಟವಿಲ್ಲದೆ, ಅರವತ್ತು ದಾಟಿದ ಆ ಹೆಂಗಸು ನೆಲದ ಮೇಲೆ ಕಾಲು ಚಾಚಿ ಕುಳಿತು, ಒಂದಾದ ಮೇಲೊಂದನ್ನು ಉಗುರುಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಹಿಡಿದುಕೊಂಡೇ ಇದ್ದರು.

ಸಂಜೆ ಹೊರಡುವಾಗ ನಾನು ಅಳುತ್ತ, “ಇನ್ಮೇಕೆ ನಮ್ ತ್ವಾಟದ ಸೊಪ್ಪು ಬ್ಯಾಡ ಬುಡಿ,” ಎಂದೆ.

“ಸೊಪ್ಪು ಕೊಡೋರು ಬೇಕಾದಷ್ಟು ಜನ ಸಿಗ್ತಾರೆ ಕಣವ್ವ. ಕೆಟ್ಟೋಗದೆ ಅಂತ ಓಡ್ಬಂದು ಹೇಳೋರು ಎಲ್ ಸಿಗ್ತಾರೆ?” ಎಂದು ಟವೆಲ್ ಕೊಟ್ಟು ಮುಖ ಒರೆಸಿಕೊಳ್ಳಲು ಹೇಳಿದರು.

ಎರಡರಲ್ಲಿ ಚಿಕ್ಕದು ಮೂರನೇ ದಿನ ಸತ್ತಿತು. ಉಳಿದದ್ದು ವಾರ ಕಳೆದ ಮೇಲೆ ದಾಸವಾಳದ ಹೂವೊಂದನ್ನು ತಿಂದಿತೆಂದು ಫೋನ್ ಬಂತು. ನನ್ನ ಹುಳುಗಳಲ್ಲಿ ಒಂದೂ ಗೂಡು ಕಟ್ಟಲಿಲ್ಲ. ಎಲ್ಲವನ್ನೂ ಗುಂಡಿಗೆ ಹಾಕಿ ಮುಚ್ಚಿದೆವು.

ಪಕ್ಕದ ಹೊಲದವನ ಮೇಲೆ ನನ್ನ ಗಂಡ ಪಂಚಾಯಿತಿ ಸೇರಿಸಲು ಹೊರಟಿದ್ದರು. ಅಷ್ಟರಲ್ಲಿ ಡಾಕ್ಟ್ರಮ್ಮ ಬಂದು ನನ್ನನ್ನೂ ಕರೆದುಕೊಂಡು ನೇರ ಅವನ ಕೊಟ್ಟಿಗೆಗೇ ಹೋದರು. ಅವನ ಎತ್ತು ಕುಂಟುತ್ತಿತ್ತು. ಗೊರಸಿನ ಕೀವು ತೆಗೆದು ಕಟ್ಟು ಹಾಕಿದರು. ಕೈ ತೊಳೆದುಕೊಳ್ಳುತ್ತ, “ಔಷ್ದಿ ಹೊಡೆಯೋ ಹಿಂದಿನ್ ದಿನ ಈ ತಾಯಿಗೆ ಒಂದ್ ಮಾತು ಹೇಳ್ಬುಡಪ್ಪ. ಅಷ್ಟು ಮಾಡಿದ್ರೆ ಸಾಕು,” ಎಂದರು. ಅವನು ತಲೆ ಬಗ್ಗಿಸಿ, “ಏಳ್ತೀನಿ ಬುಡಿ ಅವ್ವ,” ಎಂದ.

ಈಗ ಅವನು ತಪ್ಪದೆ ಬಂದು ಹೇಳುತ್ತಾನೆ. ಹೊರೆಯನ್ನು ನಾನು ಮೊದಲಿನಂತೆ ಕಳಿಸುತ್ತೇನೆ. ಸೋಮವಾರ ಮಾತ್ರ ನಾನೇ ತೆಗೆದುಕೊಂಡು ಹೋಗಿ, ಸಂಜೆಯವರೆಗೆ ಅಲ್ಲಿ ಬಲೆಮನೆಗಳನ್ನು ತೊಳೆದು ಬರುತ್ತೇನೆ. ಡಾಕ್ಟ್ರಮ್ಮ ನನಗೆ ತೂಕ ನೋಡುವುದನ್ನು ಕಲಿಸಿದ್ದಾರೆ. ಹೋದ ವಾರ ಹಲ್ಲಿಗಿಂತ ತುಸು ದೊಡ್ಡದಿದ್ದ ಹೊಸ ಇಗ್ವಾನ ಮರಿಯೊಂದನ್ನು ನಾನೊಬ್ಬಳೇ ತೂಗಿ ಪುಸ್ತಕದಲ್ಲಿ ಬರೆದೆ.