ಚಪ್ಪಲಿ ಕಾಯುವ ಸರದಿ

ಸೊಳ್ಳೆಬತ್ತಿಯ ವಾಸನೆಯಿಂದ ಹಳೆಯ ನೆನಪು ಬರುತ್ತದೆ ಎಂದರೆ ನೀವು ನಗಬಹುದು. ಬೇರೆಯವರಿಗೆ ಮಲ್ಲಿಗೆಯಿಂದಲೋ ಮೊದಲ ಮಳೆಗೆ ನೆಂದ ಮಣ್ಣಿನಿಂದಲೋ ಬರುತ್ತದೆಯಂತೆ. ನನ್ನ ಹಣೆಬರಹಕ್ಕೆ ಹಸಿರು ಸುರುಳಿಯ ಸೊಳ್ಳೆಬತ್ತಿ. ಮೊನ್ನೆ ಸಂಜೆ ರಾಮನಗರದ ನಮ್ಮ ಮನೆಯಲ್ಲಿ ನನ್ನ ಗಂಡ ಅದನ್ನು ಹಚ್ಚಿ ಕಿಟಕಿಯ ಕೆಳಗಿಟ್ಟು ಈ ಕಡೆ ತಿರುಗುವಷ್ಟರಲ್ಲಿ, ನನ್ನ ಅವ್ವ ಎದ್ದು ಬಂದು ಉರಿಯುವ ತುದಿಯನ್ನು ಮುರಿದು ಹಿತ್ತಲಿಗೆ ಎಸೆದಳು. ಹೋಗಿ ಮತ್ತೆ ತನ್ನ ಕುರ್ಚಿಯಲ್ಲಿ ಕೂತಳು.

"ಅತ್ತೆ, ಇಲ್ಲಿ ಹುಳ ಇಲ್ಲ," ಎಂದು ಇವರು ನೂರನೇ ಸಲ ಹೇಳಿದರು.

"ಅಯ್ಯೋ, ಮರ್ತೇಬುಟ್ಟೆ ಕಣಪ್ಪಾ," ಎಂದು ಅವ್ವನೂ ನೂರನೇ ಸಲ ಹೇಳಿದಳು. ಅಷ್ಟರಲ್ಲಿ ಸೊಳ್ಳೆಗಳು ಒಳಗೆ ಬಂದಾಗಿತ್ತು.

ಟೀಪಾಯಿಯ ಮೇಲೆ ಮಾಗಡಿಯಿಂದ ಬಂದ ಲಗ್ನಪತ್ರಿಕೆ ಇತ್ತು. ಅವ್ವನ ತಮ್ಮನ ಮಗಳ ಮದುವೆ, ಭಾನುವಾರ. ನಮ್ಮ ಬೀದಿಗೆ ನಲ್ಲಿ ನೀರು ಬಿಡುವುದೂ ಭಾನುವಾರವೇ. ಯಾವ ಹೊತ್ತಿಗೆ ಬಿಡುತ್ತಾರೆಂಬುದು ಬಿಡುವವನಿಗೂ ಗೊತ್ತಿರುವುದಿಲ್ಲ. ಬಂದಾಗ ಓಡಿಹೋಗಿ ಸಂಪಿನ ಬಾಯಿಗೆ ಪೈಪು ಹಾಕಬೇಕು, ಮೋಟಾರು ಒತ್ತಬೇಕು. "ನೀನೂ ಅತ್ತೆಯೂ ಹೋಗಿಬನ್ನಿ, ನಾನು ಮನೇಲಿರ್ತೀನಿ. ಚನ್ನಪಟ್ಟಣದ ಗೃಹಪ್ರವೇಶಕ್ಕೆ ಹೋದ ತಿಂಗಳು ನಾನು ಹೋಗಿದ್ದೆನಲ್ಲ," ಎಂದರು ಇವರು. ನಾನು ಸರಿ ಎಂದೆ. ಹಾಗೆ ಸರಿ ಎನ್ನುತ್ತಾ ಎಷ್ಟು ವರ್ಷವಾಯಿತೋ! ಕೈಗೆ ಕಚ್ಚಿದ ಸೊಳ್ಳೆಯನ್ನು ಹೊಡೆಯುತ್ತಾ ಕೂತವಳಿಗೆ ಇದ್ದಕ್ಕಿದ್ದಂತೆ ಆ ದ್ವೀಪ ನೆನಪಾಯಿತು.

ದ್ವೀಪಕ್ಕೆ ಹೋಗುವ ಮೊದಲು ನಿಮ್ಮನ್ನು ನಮ್ಮೂರಿಗೆ ಕರೆದುಕೊಂಡು ಹೋಗಬೇಕು. ಕನಕಪುರದಿಂದ ಆಚೆ, ಉಯ್ಯಂಬಳ್ಳಿ ಕಡೆ. ಅಲ್ಲಿ ಅಪ್ಪ ಅವ್ವ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರೇಷ್ಮೆ ಹುಳ ಸಾಕಿದರು. ನೀವೂ ಹುಳದ ಮನೆಯಲ್ಲಿ ಬೆಳೆದವರಾದರೆ ಮುಂದಿನ ನಾಲ್ಕು ಸಾಲು ಬಿಟ್ಟು ಓದಿ. ಹೊಗೆ, ವಾಸನೆ ತಗುಲಿದರೆ ಹುಳ ಸಾಯುತ್ತವೆ; ಅವು ಇರುವ ಮನೆಯಲ್ಲಿ ಸೊಳ್ಳೆಬತ್ತಿ ಹಚ್ಚುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಪೌಡರು ಸೆಂಟು ಹಾಕಿಕೊಂಡು ಒಳಗೆ ಕಾಲಿಡುವಂತಿಲ್ಲ. ಬಾಗಿಲಲ್ಲಿಟ್ಟ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದದೆ ಹೊಸಿಲು ದಾಟುವಂತಿಲ್ಲ. ಹುಳ ಸಣ್ಣದಿರುವಾಗ ಹೇಗೋ ನಡೆಯುತ್ತದೆ. ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಮೇಲೆ ಅವಕ್ಕೆ ಬರುವ ಹಸಿವಿದೆಯಲ್ಲ, ಅದನ್ನು ನಾನು ಯಾವ ಬೀಗರ ಊಟದಲ್ಲೂ ಕಂಡಿಲ್ಲ. ಬೆಳಗಿನ ಜಾವದಿಂದ ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಬೀಳುತ್ತಲೇ ಇರಬೇಕು. ಹಾಗಾಗಿ ಮನೆಯಲ್ಲಿ ಯಾವಾಗಲೂ ಒಬ್ಬರು ಇರಲೇಬೇಕು.

ಆ ಒಬ್ಬರು ಯಾರು ಎನ್ನುವುದಕ್ಕೆ ಅಪ್ಪ ಅವ್ವನ ನಡುವೆ ಒಂದು ಸರದಿ ಇತ್ತು. ಬರೆದಿಟ್ಟದ್ದಲ್ಲ, ಆದರೆ ತಪ್ಪಿದ್ದೂ ಇಲ್ಲ. ಮದುವೆಗೆ ಅವ್ವ ಹೋದರೆ ಮುಂದಿನ ತಿಥಿಗೆ ಅಪ್ಪ. ಕಬ್ಬಾಳಮ್ಮನ ದರ್ಶನಕ್ಕೂ ಅಷ್ಟೇ, ಮಂಗಳವಾರ ಅವ್ವ, ಶುಕ್ರವಾರ ಅಪ್ಪ. ಇವರಿಬ್ಬರೂ ಬೇರೆ ಬೇರೆ ಮನೆಯವರು ಎಂದು ಆ ತಾಯಿ ತಿಳಿದುಕೊಂಡಿದ್ದಳೋ ಏನೋ. ನನ್ನ ಮದುವೆಯ ಆಲ್ಬಂ ತೆಗೆದರೆ ಆರತಕ್ಷತೆಯ ಫೋಟೋಗಳಲ್ಲಿ ಅಪ್ಪ ಒಬ್ಬನೇ ಇದ್ದಾನೆ. ಅವ್ವ ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಧಾರೆ ಎರೆದಳು. ಅವಳ ಕೈ ಒಣಗುವ ಮೊದಲೇ ಅಪ್ಪ ಊರಿನ ಬಸ್ಸು ಹತ್ತಿದ. ನಡುವಿನ ಆ ಮೂರು ಗಂಟೆ ಹುಳ ನೋಡಿಕೊಂಡವರು ಪಕ್ಕದ ಮನೆಯವರು. ಧಾರೆಯ ಫೋಟೋದಲ್ಲಾದರೂ ಇಬ್ಬರೂ ಇರಬೇಕಿತ್ತು. ಅಪ್ಪನ ಮುಖಕ್ಕೆ ಸರಿಯಾಗಿ ಪುರೋಹಿತರು ತಲೆ ತಂದಿಟ್ಟಿದ್ದಾರೆ.

ಮದುವೆಯಾದ ಹೊಸದರಲ್ಲಿ ಅಪ್ಪ ಅವ್ವನಿಗೆ, "ಒಂದಿನ ಸಮುದ್ರ ತೋರುಸ್ತೀನಿ," ಎಂದು ಮಾತು ಕೊಟ್ಟಿದ್ದನಂತೆ. ತಾನೂ ನೋಡಿರಲಿಲ್ಲ. ಯಾವ ದಿನ ಎಂದು ಹೇಳಿರಲಿಲ್ಲವಾದ್ದರಿಂದ ಮಾತಿಗೆ ತಪ್ಪಿದ ಹಾಗೂ ಆಗಿರಲಿಲ್ಲ. ಅವ್ವ ಇದನ್ನು ನನಗೆ ಹೇಳಿದ್ದು ಸೊಪ್ಪು ಕತ್ತರಿಸುತ್ತಾ, ನಗುತ್ತಾ. ನಾನದನ್ನು ಇವರಿಗೆ ಹೇಳಿದೆ. ಇವರು ಬಿಡದಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವವರು, ಲೆಕ್ಕಾಚಾರದ ಮನುಷ್ಯ. ಒಂದು ದಿನವಿಡೀ ಯೋಚಿಸಿ, "ದಡದ ಊರಿಗೆ ಕರ್ಕೊಂಡು ಹೋದ್ರೆ ಇಬ್ಬರಲ್ಲಿ ಒಬ್ಬರು ರಾತ್ರಿ ಬಸ್ಸಿಗೆ ಓಡಿಬರ್ತಾರೆ. ಸುತ್ತ ನೀರಿರೋ ಕಡೆ ಕರ್ಕೊಂಡು ಹೋಗ್ಬೇಕು," ಎಂದರು. ಅಂಡಮಾನಿನ ಒಂದು ಪುಟ್ಟ ದ್ವೀಪವನ್ನು ಹುಡುಕಿದ್ದು ಹೀಗೆ, ತಪ್ಪಿಸಿಕೊಂಡು ಹೋಗಲು ಆಗದ ಜಾಗ ಎಂಬ ಒಂದೇ ಕಾರಣಕ್ಕೆ.

ಒಂದು ಬೆಳೆಯ ಗೂಡು ಮಾರಿ, ಹುಳದ ಮನೆ ತೊಳೆದು, ಔಷಧಿ ಹೊಡೆದು ಬಾಗಿಲು ಮುಚ್ಚುವ ಒಂದು ವಾರ ಬರುತ್ತದೆ. ಬೇಸಗೆ ರಜೆಯಲ್ಲಿ ಆ ವಾರವನ್ನು ಹಿಡಿದೆವು. ನಾನು ಶಾಲೆಯ ಮೇಷ್ಟ್ರಮ್ಮ, ರಜೆ ನನಗೆ ಕಷ್ಟವಿಲ್ಲ. ನಮ್ಮ ಮನೆಯಿಂದ ನಾಲ್ವರೂ ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಹೊರಟು ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದರೆ, ಅಪ್ಪ ಇಳಿದು ತಿಂದು ಬಂದ, ಆಮೇಲೆ ಅವ್ವ ಇಳಿದು ತಿಂದು ಬಂದಳು. ಕಾರಿಗೆ ಬೀಗ ಹಾಕಬಹುದು ಎಂದು ಇವರು ಹೇಳಿ ನೋಡಿದರು. "ಬೀಗ ಇರ್ಲಿ, ಒಬ್ರು ಇರ್ಬೇಕಲ್ವಾ," ಎಂದ ಅಪ್ಪ.

ದ್ವೀಪದಲ್ಲಿ ತೆಂಗಿನ ಮರಗಳಡಿ ನಾಲ್ಕಾರು ಗುಡಿಸಲುಗಳ ಒಂದು ತಂಗುದಾಣ. ಮುಂದೆ ಮರಳು, ಅದರಾಚೆ ನೀರು. ಅಪ್ಪ ಮೊದಲ ದಿನವೇ ಬಾಡಿಗೆ ಸೈಕಲ್ಲಿನಲ್ಲಿ ಒಂದು ಸುತ್ತು ಹಾಕಿ ಬಂದು, "ನಮ್ ಹೋಬ್ಳಿಯಷ್ಟೂ ಇಲ್ಲ ಕಣವ್ವ," ಎಂದ. ಸಮುದ್ರದ ನೀರನ್ನು ಬೊಗಸೆಯಲ್ಲಿ ಎತ್ತಿ ನಾಲಿಗೆಗೆ ಮುಟ್ಟಿಸಿ, ಮುಖ ಕಿವುಚಿ, "ಇಷ್ಟೊಂದ್ ನೀರೈತೆ, ಒಂದ್ ಗುಂಟೆಗೂ ಆಗಾಕಿಲ್ವಲ್ಲ," ಎಂದು ಮರುಗಿದ.

ಅವ್ವನದು ಬೇರೆ ಕಥೆ. ಗುಡಿಸಲಿನ ಬಾಗಿಲಲ್ಲಿ ಮರಳು ತೊಳೆದುಕೊಳ್ಳಲೆಂದು ಒಂದು ಅಗಲವಾದ ತೊಟ್ಟಿಯಲ್ಲಿ ನೀರಿಟ್ಟಿದ್ದರು. ಅದನ್ನು ಕಂಡದ್ದೇ ಅವಳ ಮುಖ ಅರಳಿತು. ಇವರೂ ಒಳಗೆ ಏನೋ ಸಾಕಿದ್ದಾರೆ, ನಮ್ಮಂಥವರೇ ಎಂದುಕೊಂಡಳು. ಎರಡೂ ಕಾಲನ್ನು ಶ್ರದ್ಧೆಯಿಂದ ಅದ್ದಿ ಒಳಗೆ ಹೋದವಳು, ಪಕ್ಕದ ಗುಡಿಸಲಿನ ದೊಡ್ಡ ದೇಹದ ವಿದೇಶಿ ಗಂಡಸೊಬ್ಬ ಹಾಗೇ ಹೊಸಿಲು ದಾಟಿದ್ದನ್ನು ನೋಡಿ ಸುಮ್ಮನಿರಲಾರದೆ ಹೋದಳು. "ಏಯ್, ಕಾಲ್ ಅದ್ಬುಟ್ಟು ಓಗಪ್ಪಾ!" ಎಂದು ಜೋರು ಮಾಡಿದಳು. ಅವನಿಗೆ ಕನ್ನಡ ಬಾರದಿದ್ದರೂ ಅವ್ವನ ಕೈಯ ಅಪ್ಪಣೆ ಅರ್ಥವಾಯಿತು. ಹೊರಗೆ ಬಂದು ಕಾಲು ಅದ್ದಿಯೇ ಹೋದ. ಆಮೇಲೆ ಅವ್ವನನ್ನು ಕಂಡಾಗಲೆಲ್ಲ ಕಾಲೆತ್ತಿ ತೋರಿಸುತ್ತಿದ್ದ.

ಸಂಜೆ ತಂಗುದಾಣದವರು ಪ್ರತಿ ಗುಡಿಸಲಿನಲ್ಲೂ ಸೊಳ್ಳೆಬತ್ತಿ ಹಚ್ಚಿಟ್ಟು ಹೋದರು. ನಾವು ಊಟ ಮುಗಿಸಿ ಬರುವಷ್ಟರಲ್ಲಿ ಅವ್ವ ನಮ್ಮದನ್ನು ಮಾತ್ರವಲ್ಲ, ಆ ಸಾಲಿನ ಅಷ್ಟನ್ನೂ ಆರಿಸಿ ಮರಳಿನಲ್ಲಿ ಹೂತಿದ್ದಳು. ಬೆಳಿಗ್ಗೆ ಇಡೀ ತಂಗುದಾಣ ಮೈ ಕೆರೆದುಕೊಳ್ಳುತ್ತಾ ತಿಂಡಿಗೆ ಬಂತು. ವಿಷಯ ತಿಳಿದು ಅಪ್ಪ ನಕ್ಕದ್ದು ಹೇಗೆಂದರೆ, ಕಾಫಿ ಮೂಗಿಗೆ ಹತ್ತಿ ಕಣ್ಣಲ್ಲಿ ನೀರು ಬಂತು. ಅವರಿಬ್ಬರೂ ಒಂದೇ ಮೇಜಿನಲ್ಲಿ ಕೂತು ತಿಂಡಿ ತಿಂದದ್ದನ್ನು ನಾನು ನೋಡಿದ್ದು ಅಂದೇ ಮೊದಲು.

ಆದರೆ ನೀರಿನ ಹತ್ತಿರ ಹೋದರೆ ಮತ್ತೆ ಅದೇ ಸರದಿ. ಅಪ್ಪ ಮೊಣಕಾಲಿನವರೆಗೆ ಪಂಚೆ ಎತ್ತಿ ಸಮುದ್ರಕ್ಕೆ ಇಳಿದರೆ, ಅವ್ವ ದಡದಲ್ಲಿ ಚಪ್ಪಲಿ, ಕೈಚೀಲ ಕಾಯುತ್ತಾ ಕೂರುತ್ತಿದ್ದಳು. ಅವನು ಬಂದು ಕೂತ ಮೇಲೆ ಇವಳು ಸೀರೆ ಎತ್ತಿಕಟ್ಟಿ ಇಳಿಯುತ್ತಿದ್ದಳು. ಚಪ್ಪಲಿ ಕದಿಯಲು ಆ ದಡದಲ್ಲಿ ಏಡಿಗಳ ಹೊರತು ಇನ್ನಾರೂ ಇರಲಿಲ್ಲ. "ನಾವು ನೋಡ್ಕೋತೀವಿ, ಇಬ್ಬರೂ ಹೋಗಿ," ಎಂದೆ. "ನೀವ್ ಆಡ್ಕೊಳ್ಳಿ, ನಮ್ದೇನು," ಎಂದಳು ಅವ್ವ. ನನಗೆ ಸಿಟ್ಟು ಬಂತು. ಆಕಾಶದಲ್ಲಿ ಹಾರಿಸಿಕೊಂಡು, ಹಡಗಿನಲ್ಲಿ ಕೂರಿಸಿಕೊಂಡು ಇಷ್ಟು ದೂರ ತಂದದ್ದು ಸಮುದ್ರವನ್ನೂ ಸರದಿಯಲ್ಲಿ ನೋಡಲೆಂದೇ? ತೋರಿಸುತ್ತೇನೆಂದು ಅಪ್ಪ ಮಾತು ಕೊಟ್ಟದ್ದು ಹೀಗಂತೂ ಇರಲಾರದು.

ಮೂರನೆಯ ದಿನ ಮಧ್ಯಾಹ್ನ ಅಪ್ಪನಿಗೆ ಊರಿಂದ ಫೋನು ಬಂತು. ಮರಿಹುಳ ಬೆಳೆಸಿ ಕೊಡುವ ಚಾಕಿ ಕೇಂದ್ರದವನದು. ಬಿಸಿಲು ಜಾಸ್ತಿಯಾಗಿ ಹುಳ ಬೇಗ ಎದ್ದಿವೆ, ನಾಳಿದ್ದೇ ಬಂದು ತೆಗೆದುಕೊಂಡು ಹೋಗಬೇಕು ಎಂದ. ನಾವು ಹೊರಡುವುದೇ ನಾಳಿದ್ದು, ಊರು ಸೇರುವುದು ಅದರ ಮಾರನೆಯ ದಿನ. ಅಷ್ಟು ಹೊತ್ತು ಮರಿಹುಳ ಸೊಪ್ಪಿಲ್ಲದೆ ಕಾಯುವುದಿಲ್ಲ. ಪಕ್ಕದ ಮನೆಯವರ ಹುಳ ಆಗಲೇ ಕೊನೆಯ ಹಸಿವಿನಲ್ಲಿತ್ತು, ಅವರನ್ನು ಕೇಳುವಂತಿರಲಿಲ್ಲ. ನಮ್ಮ ತೋಟದಲ್ಲಿ ಸೊಪ್ಪು ಹದಕ್ಕೆ ಬಂದು ನಿಂತಿದೆ. ಆದರೆ ಮಾರನೆಯ ಬೆಳಗಿನ ಹಡಗಿಗೆ ಒಬ್ಬರು ಹೊರಟರೆ ಸರಿಹೋಗುತ್ತದೆ.

ಯಾರು ಎಂದು ಯಾರೂ ಕೇಳಲಿಲ್ಲ. ಊರಿನಲ್ಲಿ ಕೊನೆಗೆ ಬಂದ ಮದುವೆಗೆ ಹೋಗಿದ್ದವಳು ಅವ್ವ, ಆದ್ದರಿಂದ ಈ ಸಲ ಮನೆಗೆ ಅವಳ ಸರದಿ. ಅವಳು ಗುಡಿಸಲಿಗೆ ಹೋಗಿ, ಕಾಲು ಅದ್ದಿ, ಒಣಹಾಕಿದ್ದ ಸೀರೆಯನ್ನು ಮಡಚಿ ಚೀಲಕ್ಕೆ ಹಾಕತೊಡಗಿದಳು. ಇವರು ಟಿಕೆಟು ಹುಡುಕಲು ಫೋನು ತೆಗೆದರು. ನಾನು ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ. ಆ ವಯಸ್ಸಿನಲ್ಲಿ, ಮಕ್ಕಳಿಗೆ ಪಾಠ ಹೇಳುವವಳು, ನಾಚಿಕೆಯಿಲ್ಲದೆ.

ಅಪ್ಪ ಹೊರಗೆ ಚಪ್ಪಲಿಗಳ ಪಕ್ಕದಲ್ಲಿ ಕೂತಿದ್ದ. ನೀರನ್ನೊಮ್ಮೆ ನೋಡಿ ಚಾಕಿ ಕೇಂದ್ರದವನ ನಂಬರು ಒತ್ತಿದ. ಆಮೇಲೆ ಫೋನು ಕಿವಿಗಿಟ್ಟುಕೊಂಡು, ಹೊಲದ ಆಚೆ ಬದುವಿನವನಿಗೆ ಕೂಗುವಷ್ಟು ಜೋರಾಗಿ ಹೇಳಿದ: "ಈ ಬೆಳೆ ನಮ್ಗೆ ಬ್ಯಾಡ ಕಣಪ್ಪ. ಬ್ಯಾರೆಯವ್ರಿಗೆ ಕೊಟ್ಬುಡು."

ಅವ್ವ ಸೀರೆ ಹಿಡಿದುಕೊಂಡೇ ಹೊರಗೆ ಓಡಿಬಂದಳು. "ಬುದ್ಧಿ ನೆಟ್ಗೈತಾ ನಿಮ್ಗೆ? ಸೊಪ್ಪು ಬಲ್ತೋಯ್ತದೆ!"

"ಬಲ್ತ್ರೆ ಬಲೀಲಿ ಬುಡಮ್ಮಿ. ನಾವೂ ಬಲ್ತೋದ್ವಲ್ಲ."

ಅವ್ವ ಬೈದಳು. ಮೂವತ್ತು ವರ್ಷದಲ್ಲಿ ಒಂದು ಬೆಳೆ ಬಿಟ್ಟವಳಲ್ಲ ನಾನು ಎಂದಳು, ಊರಿನವರು ಏನಂತಾರೆ ಎಂದಳು, ಅಳಿಯಂದಿರ ಮುಂದೆ ಇದೇನು ಎಂದಳು. ಅಪ್ಪ ಎದ್ದು ಪಂಚೆ ಎತ್ತಿ ಕಟ್ಟಿ, "ಬಾ," ಎಂದ. ಅಷ್ಟೇ. ಅವ್ವ ಸೀರೆಯನ್ನು ನನ್ನ ಕೈಗೆ ತುರುಕಿ, ಬೈಯುತ್ತಲೇ ಅವನ ಹಿಂದೆ ನಡೆದಳು. ನೀರು ಮೊಣಕಾಲಿಗೆ ಬಂದಾಗ ಬೈಗುಳ ನಿಂತಿತು. ಸೊಂಟಕ್ಕೆ ಬಂದಾಗ ಅವ್ವ, "ಅಮ್ಮಾ ಕಬ್ಬಾಳಮ್ಮಾ!" ಎಂದು ಕೂಗಿ ಅಪ್ಪನ ತೋಳನ್ನು ಹಿಡಿದುಕೊಂಡಳು. ನಾನು ಫೋನಿನಲ್ಲಿ ಒಂದು ಫೋಟೋ ತೆಗೆದೆ. ಮೂಲೆಯಲ್ಲಿ ನನ್ನ ಹೆಬ್ಬೆರಳು ಬಂದಿದೆ, ಅವರಿಬ್ಬರ ಬೆನ್ನು ಮಾತ್ರ ಕಾಣುತ್ತದೆ. ಇಬ್ಬರೂ ಒಟ್ಟಿಗೆ ಕಾಣುವ ಫೋಟೋ ನಮ್ಮಲ್ಲಿರುವುದು ಅದೊಂದೇ.

ಅವರು ವಾಪಸು ಬರುವಷ್ಟರಲ್ಲಿ ದೊಡ್ಡದೊಂದು ಅಲೆ ಬಂದು ಅಪ್ಪನ ಬಲಗಾಲಿನ ಚಪ್ಪಲಿಯನ್ನು ಎತ್ತಿಕೊಂಡು ಹೋಗಿತ್ತು. ಕಾಯಲು ಯಾರೂ ಇರಲಿಲ್ಲ ನೋಡಿ; ನಾವೂ ಅವರನ್ನೇ ನೋಡುತ್ತಾ ನಿಂತಿದ್ದೆವು. "ನಾನ್ ಯೋಳ್ನಿಲ್ವಾ?" ಎಂದಳು ಅವ್ವ, ನೆನೆದ ಸೀರೆಯಲ್ಲಿ ನಡುಗುತ್ತಾ, ಅದೆಷ್ಟು ಸಂತೋಷದಿಂದ! ಅಪ್ಪ ತಂಗುದಾಣದವರು ಕೊಟ್ಟ ನೀಲಿ ಹವಾಯಿ ಚಪ್ಪಲಿಯಲ್ಲಿ ವಿಮಾನ ಹತ್ತಿದ.

ಆ ಸಲದ ಸೊಪ್ಪನ್ನು ಪಕ್ಕದ ಮನೆಯವರ ಹುಳ ತಿಂದವು. ಲೋಕವೇನೂ ಮುಳುಗಲಿಲ್ಲ. ಮುಂದಿನ ಬೆಳೆಗೆ ಅಪ್ಪ ಅವ್ವ ಮತ್ತೆ ಹುಳ ತಂದರು, ಮತ್ತೆ ಸರದಿ ಹಿಡಿದರು. ನಾನೂ ಸುಮ್ಮನಾದೆ. ಒಮ್ಮೆ ಮುರಿದದ್ದು ಪೂರ್ತಿ ಮುರಿಯಿತು ಎಂದುಕೊಂಡಿದ್ದೆ. ಅಪ್ಪ ಎದೆನೋವೆಂದು ಕನಕಪುರದ ಆಸ್ಪತ್ರೆ ಸೇರಿದಾಗ ಒಂದು ದಿನ ಅವ್ವ, ಒಂದು ದಿನ ನಾನು ಅವನ ಬಳಿ, ಇನ್ನೊಬ್ಬರು ಊರಿನಲ್ಲಿ ಹುಳದ ಬಳಿ ಇರುತ್ತಿದ್ದೆವು. ಹುಳ ನಾಲ್ಕನೇ ಪೊರೆ ಬಿಟ್ಟು ಎದ್ದಿತ್ತು. ಅವನು ಹೋದ ದಿನ ಅವನ ಪಕ್ಕದಲ್ಲಿ ಇದ್ದವಳು ನಾನು. ಅವ್ವ ಊರಿನಲ್ಲಿ ಸೊಪ್ಪು ಹಾಕುತ್ತಿದ್ದಳು. ಅಂದು ಮನೆಯಲ್ಲಿರುವ ಸರದಿ ಅವಳದು.

ಇದಾಗಿ ಮೂರು ವರ್ಷ. ತೋಟವನ್ನು ಪಕ್ಕದವರು ನೋಡಿಕೊಳ್ಳುತ್ತಾರೆ, ಅವ್ವ ನಮ್ಮ ಜೊತೆ ರಾಮನಗರದಲ್ಲಿದ್ದಾಳೆ. ಆ ದಿನದ ಬಗ್ಗೆ ಅವಳು ಏನೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮೊನ್ನೆ ಸೊಳ್ಳೆ ಹೊಡೆಯುತ್ತಾ, "ಅವ್ವ, ದ್ವೀಪದಲ್ಲಿ ಎಲ್ಲರ ಸೊಳ್ಳೆಬತ್ತಿ ಆರಿಸಿದ್ದೆಯಲ್ಲ, ನೆನಪಿದೆಯಾ?" ಎಂದೆ, ಸುಮ್ಮನೆ ನಗಿಸೋಣವೆಂದು.

"ನಿಮ್ಮಪ್ಪುನ್ ಚಪ್ಲಿ ಓಯ್ತಲ್ಲ," ಎಂದು ನಕ್ಕಳು. ಆಮೇಲೆ ಲಗ್ನಪತ್ರಿಕೆಯನ್ನು ಕೈಗೆತ್ತಿಕೊಂಡು, ಅದರ ಅರಿಸಿನದ ಅಂಚನ್ನು ಸವರುತ್ತಾ ಹೇಳಿದಳು: "ಅವತ್ತೊಂದ್ ಬೆಳೆ ಬುಟ್ವಿ. ಏನಾಯ್ತು? ಏನೂ ಆಗ್ನಿಲ್ಲ. ಇನ್ನೂ ನಾಕ್ ಬೆಳೆ ಬುಡ್ಬೋದಾಗಿತ್ತು ಕಣ್ ಮಗ. ಬುಡ್ನಿಲ್ಲ."

ನಾನು ಇವರ ಮುಖ ನೋಡಿದೆ. ನಮ್ಮ ಮನೆಯಲ್ಲಿ ಹುಳ ಇಲ್ಲ. ಆದರೂ ಚನ್ನಪಟ್ಟಣಕ್ಕೆ ಇವರು, ಮಾಗಡಿಗೆ ನಾನು. ಒಂದು ಸಂಪು ನೀರಿಗಾಗಿ ನಾವಿಬ್ಬರೂ ಎಷ್ಟು ಮದುವೆಗಳ ಫೋಟೋದಲ್ಲಿ ಒಂಟಿಯಾಗಿ ನಿಂತಿದ್ದೇವೋ ಲೆಕ್ಕವಿಟ್ಟಿಲ್ಲ. "ನೀವೂ ಬರಬೇಕು," ಎಂದೆ. "ನೀರು?" ಎಂದರು. "ಬಂದು ಹೋಗಲಿ," ಎಂದೆ.

ಭಾನುವಾರ ಮೂವರೂ ಮಾಗಡಿಗೆ ಹೋದೆವು. ಕಲ್ಯಾಣಮಂಟಪದ ಮೆಟ್ಟಿಲ ಬಳಿ ಚಪ್ಪಲಿಗಳ ರಾಶಿ. ಇವರು ತಮ್ಮ ಹೊಸ ಚಪ್ಪಲಿಯನ್ನೊಮ್ಮೆ, ರಾಶಿಯನ್ನೊಮ್ಮೆ ನೋಡಿ, "ನೀವು ಹೋಗ್ತಿರಿ, ನಾನು ಇಲ್ಲೇ ನಿಂತಿರ್ತೀನಿ," ಎಂದರು. ಅದೇ ಹೊತ್ತಿಗೆ ನನಗೆ ರಾಮನಗರದ ಪಕ್ಕದ ಮನೆಯವರ ಫೋನು: ನೀರು ಬಂದಿದೆ, ಎಲ್ಲಿದ್ದೀರಿ? ನಾನು ಫೋನು ಕಿವಿಯಿಂದ ತೆಗೆಯುವಷ್ಟರಲ್ಲಿ ಅವ್ವ ನಾಲ್ಕು ಮೆಟ್ಟಿಲು ಹತ್ತಿದ್ದವಳು ಹಿಂದಿರುಗಿ ನೋಡಿದಳು.

"ಓದ್ರೆ ಓಯ್ತದೆ, ಬನ್ನಿ," ಎಂದಳು. "ಇಬ್ರೂ ಬನ್ನಿ."

ಚಪ್ಪಲಿಗಳನ್ನು ಅಲ್ಲೇ ಬಿಟ್ಟು ಇಬ್ಬರೂ ಮೆಟ್ಟಿಲು ಹತ್ತಿದೆವು.