ಸಂತೆಯ ದಿನ ನೋಡಿದ ಪೇಟೆ

ಹ್ಯೂಸ್ಟನ್ನಿನ ನಡುಪೇಟೆ ಸತ್ತುಹೋಗಿದೆ ಎಂದು ನಾನು ನಮ್ಮೂರು ಜಾವಳಿಯಲ್ಲಿ ಎಷ್ಟು ಜನರ ಮುಂದೆ ಕೊಚ್ಚಿಕೊಂಡಿದ್ದೇನೋ ದೇವರಿಗೇ ಗೊತ್ತು. ಬೆಳೆಗಾರರ ಒಂದು ಗುಂಪಿನ ಜೊತೆ, ಅಲ್ಲಿಯ ಕಾಫಿ ಅಂಗಡಿಗಳನ್ನು ನೋಡಲೆಂದು, ಹದಿನೈದು ದಿನ ಅಮೆರಿಕ ಸುತ್ತಿ ಬಂದಿದ್ದೆ. ನ್ಯೂಯಾರ್ಕಿನಲ್ಲಿ ಯಾವ ಹೊತ್ತಿಗೆ ಹೊರಬಿದ್ದರೂ ಜನ ಭುಜಕ್ಕೆ ಭುಜ ತಾಗಿಸಿಕೊಂಡು ನಡೆಯುತ್ತಿದ್ದರು. ನ್ಯೂ ಆರ್ಲಿಯನ್ಸಿನಲ್ಲಿ ಹಾಡುಹಗಲೇ ಬೀದಿಯಲ್ಲಿ ನಿಂತು ತುತ್ತೂರಿ ಊದುತ್ತಿದ್ದರು, ಕೇಳುವವರಿಗೂ ಪುರುಸೊತ್ತಿತ್ತು. ಹ್ಯೂಸ್ಟನ್ನಿನಲ್ಲಿ ಮಾತ್ರ ಮುಗಿಲು ಮುಟ್ಟುವ ಕಟ್ಟಡ, ಕೆಳಗೆ ನರಪಿಳ್ಳೆ ಇಲ್ಲ. ನಾವು ಹೋದದ್ದು ಭಾನುವಾರ. "ನಾಳೆ ಮಧ್ಯಾಹ್ನ ಬನ್ನಿ, ಆಫೀಸಿನವರೆಲ್ಲ ಇರುತ್ತಾರೆ. ಸೆಕೆಗೆ ಹೆದರಿ ನೆಲದಡಿಯ ದಾರಿಗಳಲ್ಲಿ ಓಡಾಡುತ್ತಾರೆ" ಎಂದು ಕಾಫಿ ಅಂಗಡಿಯ ಹೆಂಗಸು ಹೇಳಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಪೇಟೆಯ ಜೀವ ಅಳೆಯಲು ಒಂದು ಸುತ್ತು ಸಾಕು ಎಂಬ ಜಂಬ ಬಂದುಬಿಟ್ಟಿತ್ತು.

ನನ್ನ ಹೆಂಡತಿಗೆ ಬಹಳ ವರ್ಷದಿಂದ ಒಂದೇ ಆಸೆ. ನಮ್ಮ ತೋಟದ ಕಾಫಿಯನ್ನು ತಾನೇ ಹುರಿದು, ಮೂಡಿಗೆರೆಯಲ್ಲೊಂದು ಪುಟ್ಟ ಅಂಗಡಿಯಿಟ್ಟು, ಬಂದು ಕೂತವರಿಗೆ ಕುಡಿಸಬೇಕು. ನಮ್ಮ ಬೆಳೆ ಚೀಲದಲ್ಲಿ ಲಾರಿ ಹತ್ತಿದ ಮೇಲೆ ಯಾರ ಬಾಯಿಗೆ ಹೋಗುತ್ತದೋ ನಮಗೆ ತಿಳಿಯುತ್ತಲೇ ಇರಲಿಲ್ಲ. ಕುಡಿದವರ ಮುಖವನ್ನು ಒಮ್ಮೆಯಾದರೂ ನೋಡಬೇಕು ಅನ್ನುತ್ತಿದ್ದಳು. ಹುರಿಯುವುದರಲ್ಲಂತೂ ಅವಳದು ಎತ್ತಿದ ಕೈ.

ಜಾಗ ಹುಡುಕಲು ನಾನೇ ಹೊರಟೆ. ಅಮೆರಿಕ ನೋಡಿ ಬಂದವನಲ್ಲವೇ! ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಒಂದು ಮಳಿಗೆ ಖಾಲಿಯಿತ್ತು. ಅಂದು ಸಂತೆ. ಎಳ್ಳು ಚೆಲ್ಲಿದರೆ ನೆಲಕ್ಕೆ ಬೀಳದಷ್ಟು ಜನ. ಅಲ್ಲಿಂದಲೇ ಫೋನು ಮಾಡಿ, "ನ್ಯೂಯಾರ್ಕೇ ಮಾರಾಯ್ತಿ!" ಎಂದೆ. ಅವಳು ಏನೋ ಹೇಳಹೊರಟಳು. "ನಾ ನೋಡ್ತಿದೀನಲ್ಲ" ಎಂದು ಫೋನಿಟ್ಟು, ಮಳಿಗೆ ಗೊತ್ತುಮಾಡಿಯೇ ಮನೆಗೆ ಬಂದೆ.

ಅಂಗಡಿ ತೆರೆದ ದಿನ ನೆಂಟರಿಷ್ಟರು ಬಂದರು. ಮಾರನೆಯ ದಿನದಿಂದ ಇಬ್ಬರೂ ನೊಣ ಹೊಡೆಯುತ್ತಾ ಕೂತೆವು. ಸಂತೆಯ ದಿನ ಬೀದಿ ತುಂಬುತ್ತಿತ್ತು, ನಿಜ. ಆದರೆ ಸೊಪ್ಪು ಮೀನು ಕೊಂಡು ಬಸ್ಸು ಹಿಡಿಯುವ ಧಾವಂತದಲ್ಲಿ ಕೂತು ಕಾಫಿ ಕುಡಿಯುವವರು ಯಾರು? ಬಾಳೂರಿನ ಕಡೆಯ ಎಸ್ಟೇಟೊಂದರಲ್ಲಿ ಹಾಜರಿ ಬರೆಯುವ ರೈಟರು ಒಮ್ಮೆ ಬಂದವರು ನಕ್ಕೇಬಿಟ್ಟರು. "ಸಂತೆ ದಿನ ನೋಡಿ ಅಂಗಡಿ ಹಿಡಿದ್ರಾ ಮಾರಾಯ್ರೆ? ಎಸ್ಟೇಟ್‌ನೋರಿಗೆಲ್ಲ ವಾರದ ರಜೆ ಅವತ್ತೇ ಅಲ್ವಾ! ಉಳಿದ ದಿನ ಎಲ್ರೂ ತೋಟದಲ್ಲಿರ್ತಾರೆ."

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ನನ್ನ ತೋಟದ ಆಳುಗಳಿಗೂ ಮೂವತ್ತು ವರ್ಷದಿಂದ ಸಂತೆಯ ದಿನವೇ ರಜೆ ಕೊಡುತ್ತಾ ಬಂದವನು ನಾನು. ಹ್ಯೂಸ್ಟನ್ನಿನಲ್ಲಿ ಖಾಲಿ ದಿನ ನೋಡಿ ಸತ್ತಿದೆ ಎಂದೆ, ಇಲ್ಲಿ ತುಂಬಿದ ದಿನ ನೋಡಿ ಬದುಕಿದೆ ಎಂದೆ. ಎರಡೂ ಪೇಟೆಗಳು ತಮ್ಮ ಪಾಡಿಗೆ ತಾವಿದ್ದವು.

ಆ ಸಂಜೆ ಬಾಗಿಲು ಹಾಕುವಾಗ ಹೆಂಡತಿಯನ್ನು ಕೇಳಿದೆ. "ನಿಂಗೂ ಇದು ಹೊಳೀಲಿಲ್ವಾ?"

"ಹೊಳೀದೆ ಏನು? ನನ್ನ ಟೈಲರ್ ಇರೋದೇ ಈ ಬೀದೀಲಿ, ವಾರದ ಮಧ್ಯೆ ಎಷ್ಟ್ ಸಲ ಬಂದಿದೀನಿ. ತಾಲ್ಲೂಕ್ ಆಫೀಸ್ ದಾರೀಲಿ ನೋಡಿ, ಅಲ್ಲಿ ದಿನಾ ಜನ ಕಾಯ್ತಾ ಕೂತಿರ್ತಾರೆ ಅನ್ನೋಕೆ ಹೊರಟಿದ್ದೆ. ನೀವು ಫೋನ್ ಇಟ್ರಿ."

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದೆ.

ಮಳೆಗಾಲ ಮುಗಿಯುವ ಮೊದಲೇ ಅಂಗಡಿ ಮುಚ್ಚಿದೆವು. ಕಳೆದ ತಿಂಗಳು ತಾಲ್ಲೂಕು ಆಫೀಸಿನ ದಾರಿಯಲ್ಲೇ ಒಂದು ಮಳಿಗೆ ಖಾಲಿಯಾಗಿದೆ ಎಂದು ತಿಳಿಯಿತು. ಓಡಿ ಬಂದು, "ಈ ಸಲ ನೀನೇ ನೋಡು, ನಾನು ಬಾಯೇ ಬಿಡಲ್ಲ" ಎಂದೆ.

ಅವಳು ಮನೆ ಖರ್ಚಿಗೆಂದು ಬೀಜ ಆರಿಸುತ್ತಿದ್ದಳು. "ಈಗ ಬೇಡ ಕಣ್ರೀ. ಆಸೆ ಇದ್ದಾಗ ನೀವು ಕೇಳ್ಲಿಲ್ಲ" ಎಂದಳು. ಸಿಟ್ಟಿನಿಂದ ಹೇಳಿದ್ದರೆ ಜಗಳವಾಡಿಯಾದರೂ ಒಪ್ಪಿಸುತ್ತಿದ್ದೆ. ಅವಳಿಗೆ ಸಿಟ್ಟೇ ಇರಲಿಲ್ಲ.