ಟೈಪಮ್ಮ ಕೇಳದೆ ಬಿಟ್ಟ ಪ್ರಶ್ನೆ

ಮದುವೆ ನೋಂದಣಿ ಕಚೇರಿಯ ಹೊರಗೆ ತಗಡಿನ ಮಾಡಿನ ಕೆಳಗೆ ಒಂದು ಮೇಜು, ಒಂದು ಹಳೇ ಟೈಪ್‌ರೈಟರು, ಬಂದವರಿಗೆ ಎರಡು ಕುರ್ಚಿ. ಅಲ್ಲಿ ಕೂರುವ ಹೆಂಗಸಿಗೆ ಹೆತ್ತವರು ಏನು ಹೆಸರಿಟ್ಟಿದ್ದರೋ, ಊರಿಗೆಲ್ಲ ಅವಳು ಟೈಪಮ್ಮ. ಇಪ್ಪತ್ತೆರಡು ವರ್ಷ ಜನರ ಮದುವೆ ಅರ್ಜಿ ಬಡಿದ ಕೈ ಅದು. ಕಾನೂನು ಓದಿದವಳಲ್ಲ, ಆದರೂ ಹೊಸದಾಗಿ ಕರಿಕೋಟು ತೊಟ್ಟ ವಕೀಲರು ಅವಳ ಹತ್ತಿರ ಬಂದು ಮೆಲ್ಲಗೆ ಅನುಮಾನ ಪರಿಹರಿಸಿಕೊಂಡು ಹೋಗುತ್ತಿದ್ದರು.

ಜೋಡಿ ಬಂದು ಕೂತರೆ ಸಾಕು, ಅವಳ ಬಾಯಿ ಶುರು. "ವಯಸ್ಸಿನ ದಾಖಲೆ ಎಲ್ಲಿ? ಇಬ್ರೂ ಒಪ್ಪಿಯೇ ಬಂದಿದ್ದೀರಾ, ಇಲ್ಲ ಯಾರಾದ್ರೂ ದಬ್ಬಿಕೊಂಡು ಬಂದ್ರಾ? ಹತ್ತಿರದ ರಕ್ತಸಂಬಂಧ ಏನಾದ್ರೂ ಇದೆಯಾ? ಮೊದಲು ಮದುವೆ ಆಗಿತ್ತಾ? ಆಗಿದ್ರೆ ಆ ಗಂಡನೋ ಹೆಂಡ್ತಿಯೋ ಬದುಕಿದ್ದಾರಾ? ವಿಚ್ಛೇದನ ಆಗಿದ್ರೆ ಕಾಗದ ತೆಗೀರಿ."

"ನನ್ನ ಮುಖ ನೋಡಿದ್ರೆ ಗೊತ್ತಾಗಲ್ವಾ ಅಮ್ಮಾ?" ಅಂತ ಒಬ್ಬ ಮದುಮಗ ನಾಚಿಕೊಂಡು ಕೇಳಿದ್ದ.

"ಮುಖದ ಮೇಲೆ ಯಾರೂ ಸೀಲು ಒತ್ತಿರಲ್ಲಪ್ಪಾ," ಅಂದಿದ್ದಳು ಟೈಪಮ್ಮ. ಕೇಳದೆ ಒಂದು ಅಕ್ಷರ ಬಡಿದವಳಲ್ಲ. ಒಂದೇ ಒಂದು ಸಲ ಬಿಟ್ಟು.

ಆ ಒಂದು ಸಲ ಅವಳದೇ ಮದುವೆ. ಆಗ ಅವಳಿಗೆ ಮೂವತ್ತಾರು. ಸಂಬಂಧ ತಂದವನು ಅಣ್ಣ. ಅಪ್ಪ ಹೋದಾಗ ಇವಳಿಗೆ ಒಂಬತ್ತು ವರ್ಷ. ಅಣ್ಣ ಶಾಲೆ ಬಿಟ್ಟು ಲಿಫ್ಟ್ ಕಂಪನಿಯ ಗೋದಾಮಿಗೆ ಸೇರಿ ಇವಳನ್ನು ಸಾಕಿ ಬೆಳೆಸಿದ್ದ. ಅಣ್ಣ ಅಂದರೆ ಅವಳಿಗೆ ಅಪ್ಪನೂ ಅವನೇ, ದೇವರೂ ಅವನೇ. ಗಂಡು ಅದೇ ಕಂಪನಿಯ ಮೆಕ್ಯಾನಿಕ್ಕು, ವಾರದಲ್ಲಿ ಮೂರು ದಿನ ಬೇರೆ ಊರುಗಳ ಲಿಫ್ಟ್ ರಿಪೇರಿಗೆ ಹೋಗಿಬರುವವನು. "ಚಿನ್ನದಂಥ ಹುಡುಗ ಕಣೇ, ನಾನಿದ್ದೀನಿ," ಅಂದ ಅಣ್ಣ. ಇನ್ನೇನು ಬೇಕಿತ್ತು ಅವಳಿಗೆ?

ತನ್ನ ಅರ್ಜಿಯನ್ನು ತಾನೇ, ತನ್ನದೇ ಮೇಜಿನಲ್ಲಿ ಬಡಿದಳು. ಮೊದಲ ಮದುವೆಯ ಕಾಲಂ ಬಂತು. ಎದುರಿಗೆ ಆ ಮನುಷ್ಯ ನಗುತ್ತಾ ಕೂತಿದ್ದ. ಅಣ್ಣ ತಂದ ಗಂಡಿಗೆ ಇಂಥ ಪ್ರಶ್ನೆ ಕೇಳುವುದೇ? ಬೆರಳುಗಳೇ ಓಡಿ "ಇಲ್ಲ" ಅಂತ ಹೊಡೆದವು. ದೀಪದ ಬುಡದಲ್ಲಿ ಕತ್ತಲು ಅನ್ನುವುದು ಸುಮ್ಮನೆ ಅಲ್ಲ. ಅವನು ಕಣ್ಣು ಮಿಟುಕಿಸದೆ ಸಹಿ ಹಾಕಿದ. ಮೂವತ್ತು ದಿನ ನೋಟಿಸು ಬೋರ್ಡಿನಲ್ಲಿ ತೂಗಾಡಿತು, ಯಾರೂ ತಕರಾರು ಹಾಕಲಿಲ್ಲ. ಮೂವರು ಸಾಕ್ಷಿಗಳಲ್ಲಿ ಮೊದಲ ಸಹಿ ಅಣ್ಣನದು.

ಒಂಬತ್ತು ವರ್ಷ ಸಂಸಾರ ನಡೆಯಿತು. ಕೆಟ್ಟ ಸಂಸಾರವೇನಲ್ಲ, ಅದೇ ಹೊಟ್ಟೆ ಉರಿಸುವ ಮಾತು.

ಒಂದು ಬೆಳಿಗ್ಗೆ ಬೇರೆ ಊರಿನ ಹೆಂಗಸೊಬ್ಬಳು ಬಂದು ಕುರ್ಚಿಯಲ್ಲಿ ಕೂತಳು. ಗಂಡನ ಕಂಪನಿ ಈ ಊರಿನದೇ ಆದ್ದರಿಂದ ಅದೇ ಕಾಂಪೌಂಡಿನ ಕುಟುಂಬ ನ್ಯಾಯಾಲಯದಲ್ಲಿ ಅವನ ಮೇಲೆ ಜೀವನಾಂಶದ ಅರ್ಜಿ ಹಾಕಬೇಕಂತೆ.

"ಯಜಮಾನರು ಏನು ಕೆಲಸ?" ಕೇಳಿದಳು ಟೈಪಮ್ಮ.

"ಲಿಫ್ಟ್ ರಿಪೇರಿ. ವಾರಕ್ಕೆ ಮೂರು ದಿನ ಮನೇಲಿರ್ತಿದ್ರು. ಎರಡು ವರ್ಷದಿಂದ ಮನೆ ಕಡೆ ತಲೆ ಹಾಕಿಲ್ಲ." ಹೇಳುತ್ತಾ ಆ ಹೆಂಗಸು ಹದಿನೈದು ವರ್ಷದ ಹಿಂದಿನ ಮದುವೆ ಪ್ರಮಾಣಪತ್ರವನ್ನು, ಅದರ ಜೊತೆ ಫೋಟೋವನ್ನು ಮೇಜಿನ ಮೇಲಿಟ್ಟಳು.

ಫೋಟೋದಲ್ಲಿದ್ದವನು ಅವತ್ತು ಬೆಳಿಗ್ಗೆ ಟೈಪಮ್ಮನ ಕೈಯಲ್ಲಿ ಕಾಫಿ ಕುಡಿದು ಹೋಗಿದ್ದ.

ಅಯ್ಯೋ, ಹೇಗೆ ತಡೆದುಕೊಂಡಳೋ! ಅರ್ಜಿಯನ್ನು ಕೊನೆಯ ಸಾಲಿನವರೆಗೂ ತಪ್ಪಿಲ್ಲದೆ ಟೈಪ್ ಮಾಡಿ ಕೊಟ್ಟಳು. ಆಮೇಲೆ ಟೈಪ್‌ರೈಟರಿಗೆ ಮುಸುಕು ಹಾಕಿ ಸೀದಾ ಮನೆಗೆ ನಡೆದಳು. ಸಂಜೆ ಗಂಡ ಬಂದಾಗ ಆ ಫೋಟೋದ ಮಾತೆತ್ತಿದಳು; ಅವನು ಎರಡು ನಿಮಿಷವೂ ವಾದಿಸಲಿಲ್ಲ. "ನನ್ನೊಬ್ಬನನ್ನೇ ಯಾಕೆ ಅಂತೀಯಾ? ನಿಮ್ಮಣ್ಣನಿಗೆ ಮೊದಲಿಂದ ಎಲ್ಲಾ ಗೊತ್ತಿತ್ತು," ಅಂದುಬಿಟ್ಟ.

ಅಣ್ಣನ ಮನೆಗೆ ಓಡಿದಳು. ಅವನು ಗೋಡೆ ನೋಡುತ್ತಾ ಹೇಳಿದ: "ಅವಳನ್ನ ಬಿಟ್ಟುಬಿಡ್ತೀನಿ ಅಂತ ಮಾತು ಕೊಟ್ಟಿದ್ದ. ನಿನಗೂ ವಯಸ್ಸಾಗ್ತಿತ್ತು. ಮನೇಲಿ ನಿನ್ನತ್ತಿಗೆ ದಿನಾ ರಾಗ ತೆಗೀತಿದ್ಳು. ನಾನೇನು ಮಾಡಲಿ?"

"ನನಗೊಂದು ಮಾತು ಹೇಳಬೇಕಿತ್ತಲ್ಲೋ ಅಣ್ಣಾ!" ಅಂತ ಅವಳು ಬಿಕ್ಕಿ ಬಿಕ್ಕಿ ಅತ್ತಳು.

ವಕೀಲರು ವಿಷಯ ಬಿಡಿಸಿ ಹೇಳಿದರು. ಮೊದಲ ಹೆಂಡತಿ ಬದುಕಿದ್ದು ಆ ಮದುವೆ ಮುರಿಯದೆ ಇದ್ದರೆ ಎರಡನೆಯದು ಮೊದಲ ದಿನದಿಂದಲೇ ಅಸಿಂಧು. ವಿಚ್ಛೇದನ ಬೇಕಿಲ್ಲ, ಮದುವೆಯೇ ಇಲ್ಲವಲ್ಲ. ಹಾಗಂತ ಕೋರ್ಟಿನಿಂದ ಬರೆಸಿಕೊಳ್ಳಬೇಕು, ಅಷ್ಟೇ. "ಅದು ಸಿಕ್ಕೇ ಸಿಗುತ್ತೆ. ಕಷ್ಟ ಇರೋದು ಬೇರೆ ಕಡೆ. ನೀವು ಗೊತ್ತಿದ್ದೂ ಮದುವೆಯಾದ್ರಿ ಅಂತ ಅವನು ಹೇಳ್ತಾನೆ. ಅರ್ಜಿ ಬೇರೆ ನಿಮ್ಮ ಕೈಯಲ್ಲೇ ಟೈಪ್ ಆಗಿದೆ. ನೀವು ಮೋಸ ಹೋದವರು ಅಂತ ಹೇಳೋಕೆ ಯಾರಿದ್ದಾರೆ?"

ಇದ್ದವನು ಒಬ್ಬನೇ. ಗಂಡ ಹೋದದ್ದಕ್ಕಿಂತ, ಇನ್ನೊಬ್ಬಳ ಮನೆ ಮುರಿದವಳು ಅನ್ನಿಸಿಕೊಳ್ಳುವುದು ಅವಳಿಗೆ ಸಾವಿನಂಥ ಮಾತು. ಅಣ್ಣ ಅವಳ ಕೈ ಹಿಡಿದು, "ಬಂದು ನಿಜ ಹೇಳ್ತೀನಿ ಕಣೇ, ಅಳಬೇಡ," ಅಂದ. ಅವಳು ಇನ್ನೊಮ್ಮೆ ನಂಬಿದಳು.

ಕೋರ್ಟಿನಲ್ಲಿ ಗಂಡನ ಕಡೆಯ ವಕೀಲ ಮದುವೆ ಅರ್ಜಿ ಎತ್ತಿ ತೋರಿಸಿದ. "ಸಾವಿರಾರು ಜನಕ್ಕೆ ಈ ಪ್ರಶ್ನೆ ಕೇಳಿದ್ದೀರಿ, ನಿಮ್ಮ ಗಂಡಿಗೆ ಮಾತ್ರ ಕೇಳಲಿಲ್ಲವಾ?"

"ಅಣ್ಣ ತಂದ ಸಂಬಂಧ ಸ್ವಾಮಿ, ಕೇಳಲಿಲ್ಲ," ಅಂದಳು. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಆಮೇಲೆ ಅಣ್ಣ ಕಟಕಟೆ ಹತ್ತಿದ. ನಿಜ ಹೇಳಿದರೆ ಸುಳ್ಳು ಅರ್ಜಿಗೆ ಸಾಕ್ಷಿ ಹಾಕಿದ್ದಕ್ಕೆ ತನ್ನ ಕುತ್ತಿಗೆಗೇ ಬರುತ್ತದೆ ಅಂತ ಅಷ್ಟರಲ್ಲಿ ಯಾರೋ ಕಿವಿಯೂದಿದ್ದರು. "ನನಗೇನೂ ಗೊತ್ತಿಲ್ಲ ಸ್ವಾಮಿ. ಗಂಡು ಅವಳೇ ಹುಡುಕಿಕೊಂಡಿದ್ದು. ಬಂದು ಸಹಿ ಹಾಕು ಅಂದ್ಳು, ಹಾಕಿದೆ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಅವಳು ಅವನ ಮುಖವನ್ನೇ ನೋಡಿದಳು. ಅವನು ಒಂದು ಸಲವೂ ಇತ್ತ ತಿರುಗಲಿಲ್ಲ.

ತೀರ್ಪು ಬಂತು. ಮದುವೆ ಅಸಿಂಧು. ಅವಳಿಗೆ ವಿಷಯ ಗೊತ್ತಿರಲಿಲ್ಲ ಅನ್ನುವುದು ಸಾಬೀತಾಗಿಲ್ಲ.

ಕೋರ್ಟಿನ ಮೆಟ್ಟಿಲ ಹತ್ತಿರ ಅಣ್ಣ ಕಾಯುತ್ತಿದ್ದ. "ಆಗಿದ್ದು ಆಗಿಹೋಯ್ತು, ಮನೆಗೆ ಬಾ. ನಿನ್ನ ರೂಮು ಹಾಗೇ ಇದೆ," ಅಂದ.

ಅವಳು ತೀರ್ಪಿನ ಪ್ರತಿಯನ್ನು ಅವನ ಮುಂದೆ ಹಿಡಿದಳು. "ಒಂಬತ್ತು ವರ್ಷ ಅವನು ನನ್ನ ಗಂಡನೇ ಆಗಿರಲಿಲ್ಲವಂತೆ, ಕೋರ್ಟು ಬರೆದುಕೊಟ್ಟಿದೆ. ನೀನು ನನ್ನ ಅಣ್ಣ ಆಗಿರಲಿಲ್ಲ ಅಂತ ಬರೆಸಿಕೊಳ್ಳೋಕೆ ಯಾವ ಅರ್ಜಿ ಹಾಕಲಿ, ಹೇಳೋ?"

ಅವಳು ಮೆಟ್ಟಿಲಿಳಿದು ಹೋದಳು. ಅವತ್ತಿನಿಂದ ಇವತ್ತಿನವರೆಗೆ ಅಣ್ಣನ ಮನೆಯ ಹೊಸ್ತಿಲು ತುಳಿದಿಲ್ಲ.